ಪಗಾರ ಬೆಂಗಳೂರಿನದು, ಅಕ್ಕಿ ಸಿಂಧನೂರಿನದು

ಸಿಂಧನೂರು ಬಸ್ ನಿಲ್ದಾಣದಲ್ಲಿ ರಾತ್ರಿ ಎಂಟರ ಮೇಲೆ ಬೆಂಗಳೂರು ಬಸ್ಸುಗಳ ಹೊತ್ತು. ಡಿಕ್ಕಿಯ ಹತ್ತಿರ ನಿಂತು ನೋಡಿದರೆ ಸೂಟ್‌ಕೇಸಿಗಿಂತ ಚೀಲಗಳೇ ಹೆಚ್ಚು ಕಾಣುತ್ತವೆ. ಬಾಯಿಗೆ ಸುತಳಿ ಹೊಲಿದ 25 ಕೆಜಿ ಸೋನಾ ಮಸೂರಿ, ಜೋಳದ ಹಿಟ್ಟಿನ ಡಬ್ಬಿ, ಬಾಟಲಿಯಲ್ಲಿ ಒತ್ತಿ ತುಂಬಿದ ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಬಿಳಿ ಬಟ್ಟೆಯಲ್ಲಿ ಕಟ್ಟಿದ ಕಟಕ ರೊಟ್ಟಿ. ಚೀಲದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೆಸರು, ಫೋನ್ ನಂಬರು. ನನ್ನ ತಂಗಿಯೂ ಎರಡು ತಿಂಗಳಿಗೊಮ್ಮೆ ಇಂಥದ್ದೊಂದು ಚೀಲ ಹತ್ತಿಸುತ್ತಾಳೆ. ಅವಳ ಮಗಳು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಸ್ಟಾಫ್ ನರ್ಸ್.

"ರಾತ್ರಿ ಪೂರಾ ನಿಂತು ಡ್ಯೂಟಿ ಮಾಡ್ತಾಳಣ್ಣಾ. ಅಕ್ಕಿನೂ ಅಲ್ಲೇ ಕೊಂಡು ತಿನ್ನು ಅಂದ್ರ ಹೆಂಗ?" ಎನ್ನುತ್ತಾಳೆ ತಂಗಿ. ತಾಯಿಯ ಮಾತು ಅದು, ಅದಕ್ಕೆ ಎದುರಾಡುವಂಥದ್ದೇನಿಲ್ಲ. ಆದರೆ ನಾನು ಪಿಯು ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಲೆಕ್ಕಶಾಸ್ತ್ರ ಹೇಳಿಕೊಂಡು ಬಂದವನು. ಚೀಲವೂ ಲೆಕ್ಕಕ್ಕೆ ಬರಬೇಕಾದದ್ದು ಎಂದು ಮನಸ್ಸಿಗೆ ಹೊಕ್ಕಿತು. ಕಳೆದ ಸಲ ಹುಡುಗಿ ಊರಿಗೆ ಬಂದಾಗ ಅವಳ ವೇತನ ಚೀಟಿಯನ್ನೂ, ತಂಗಿ ಬೀಜದಂಗಡಿಯ ಡೈರಿಯಲ್ಲಿ ಬರೆದಿಡುವ ಮನೆ ಲೆಕ್ಕವನ್ನೂ ಮುಂದಿಟ್ಟುಕೊಂಡು ಕೂತೆ. ಆಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹುಡುಗಿ ಮೂರು ವರ್ಷದ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿದವಳು, ಮೇಲೆ ಮೂರು ವರ್ಷದ ಅನುಭವ. ಒಟ್ಟು ಪಗಾರ 22,500. ಅದನ್ನು ಮೂಲ ವೇತನ 15,000, ಮನೆ ಬಾಡಿಗೆ ಭತ್ಯೆ (ಎಚ್‌ಆರ್‌ಎ) 4,500, ವಿಶೇಷ ಭತ್ಯೆ 3,000 ಎಂದು ಒಡೆದು ಬರೆದಿದ್ದಾರೆ. ಮೂಲ ವೇತನ ಸರಿಯಾಗಿ 15,000ಕ್ಕೆ ನಿಂತದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ಭವಿಷ್ಯ ನಿಧಿಗೆ (ಪಿಎಫ್) ಕಡ್ಡಾಯವಾದ ವೇತನ ಮಿತಿಯೂ 15,000ವೇ. ಅದರ ಶೇ 12 ಎಂದರೆ 1,800 ಕಡಿತವಾಗಿ ಕೈಗೆ ಬರುವುದು 20,700. ನೌಕರರ ಸರ್ಕಾರಿ ಆರೋಗ್ಯ ವಿಮೆಯಾದ ಇಎಸ್‌ಐ ಇಲ್ಲ, ಯಾಕೆಂದರೆ ಅದರ ಮಿತಿ 21,000. ಇವಳು 1,500 ರೂಪಾಯಿಯಿಂದ ಆಚೆ ಬಿದ್ದಿದ್ದಾಳೆ. ವೃತ್ತಿ ತೆರಿಗೆಯೂ ಇಲ್ಲ, ಅದು ಶುರುವಾಗುವುದು 25,000ಕ್ಕೆ. ಕಾಯಿಲೆ ಬಿದ್ದರೆ ಸರ್ಕಾರದ ವಿಮೆ ಸಿಗದಷ್ಟು ಹೆಚ್ಚು, ತೆರಿಗೆ ಕಟ್ಟಲಾರದಷ್ಟು ಕಡಿಮೆ. ಬೆಂಗಳೂರಿನ ಎಷ್ಟೋ ನರ್ಸುಗಳು ಈ ಸಣ್ಣ ಸಂದಿಯಲ್ಲೇ ಸಿಕ್ಕಿಕೊಂಡಿದ್ದಾರೆ.

ಇನ್ನು ಖರ್ಚು. ಮೊದಲ ವರ್ಷ ಆಸ್ಪತ್ರೆಯ ಹಾಸ್ಟೆಲಿನಲ್ಲಿ ಇದ್ದಳು. ಒಂದು ಕೋಣೆಯಲ್ಲಿ ಆರು ಮಂದಿ, ಮೂರು ಶಿಫ್ಟು. ರಾತ್ರಿ ಡ್ಯೂಟಿ ಮುಗಿಸಿ ಬಂದು ಮಲಗುವ ಹೊತ್ತಿಗೆ ಪಕ್ಕದ ಮಂಚದವಳು ಎದ್ದು ತಯಾರಾಗುತ್ತಿರುತ್ತಾಳೆ, ಲೈಟು, ಫೋನು, ಬಕೆಟ್ ಸದ್ದು. ನಿದ್ದೆಯಿಲ್ಲದೆ ಎರಡು ಸಲ ಜ್ವರ ಹಿಡಿಸಿಕೊಂಡ ಮೇಲೆ, ಗಂಗಾವತಿಯ ಒಬ್ಬಳು, ಬಳ್ಳಾರಿ ಕಡೆಯ ಇನ್ನೊಬ್ಬಳ ಜೊತೆ ಸೇರಿ ಒಂದು ಬೆಡ್‌ರೂಮಿನ ಮನೆ ಹಿಡಿದರು. ಬಾಡಿಗೆ 16,500, ಇವಳ ಪಾಲು 5,500. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಬೆಂಗಳೂರಿನ ಹಳೆಯ ರೂಢಿ. ಚೌಕಾಸಿ ಮಾಡಿ 1,05,000ಕ್ಕೆ ಒಪ್ಪಿಸಿದರು, ತಲೆಗೆ 35,000. ಕರೆಂಟು, ನೀರು, ಇಂಟರ್ನೆಟ್ಟು 600. ಸಿಲಿಂಡರಿನ ಪಾಲು 400. ಬೇಳೆ, ಎಣ್ಣೆ, ಕಾಯಿಪಲ್ಲೆ, ಹಾಲು 3,500. ಡ್ಯೂಟಿಯಲ್ಲಿರುವಾಗ ಕ್ಯಾಂಟೀನಿನ ಊಟ, ಚಹಾ 1,500. ಬಿಎಂಟಿಸಿಯ ಸಾಮಾನ್ಯ ಬಸ್ಸು ಹೆಣ್ಣುಮಕ್ಕಳಿಗೆ ಉಚಿತವಾದರೂ ಹೊತ್ತಲ್ಲದ ಹೊತ್ತಿನ ಆಟೋಕ್ಕೆ 1,200. ಫೋನಿಗೆ 350. ಸೋಪು, ಬಟ್ಟೆ, ಔಷಧಿ ಎಲ್ಲ ಸೇರಿ 1,200. ಓದಿಗೆ ಮಾಡಿದ ಬ್ಯಾಂಕ್ ಸಾಲದ ಕಂತು 3,200. ಕೂಡಿದರೆ 17,450. ಉಳಿದದ್ದು 3,250.

"ಮಾಮಾ, ಉಳೀತಾವಲ್ಲ, ಕೆಲವರಿಗೆ ಅಷ್ಟೂ ಉಳಿಯಂಗಿಲ್ಲ" ಎಂದಳು. ಆಗ ತಂಗಿಯ ಡೈರಿ ತೆರೆದೆ. ಎರಡು ತಿಂಗಳಿಗೆ 25 ಕೆಜಿ ಅಕ್ಕಿ ಎಂದರೆ ನಮ್ಮೂರ ದರದಲ್ಲೇ ತಿಂಗಳಿಗೆ 650 ರೂಪಾಯಿ. ಜೋಳದ ಹಿಟ್ಟು, ಚಟ್ನಿ, ಶೇಂಗಾ, ತುಪ್ಪ ಸೇರಿ ಕಡಿಮೆಯೆಂದರೂ 400. ಮನೆಯ ಮುಂಗಡದ 35,000 ರೂಪಾಯಿ ಎಲ್ಲಿಂದ ಬಂತು? ನಮ್ಮ ಭಾವ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದದ್ದು. ತಿಂಗಳಿಗೆ 700 ಬಡ್ಡಿ. ಅದನ್ನು ಹುಡುಗಿಗೆ ಹೇಳಿಲ್ಲ, ಡೈರಿಯಲ್ಲಿ ಬರೆದಿದೆ. ಮೂರೂ ಸೇರಿ 1,750. ಅಂದರೆ ಅವಳು ಉಳಿಸುತ್ತೇನೆ ಎಂದುಕೊಂಡ 3,250ರಲ್ಲಿ ಅರ್ಧಕ್ಕಿಂತ ಹೆಚ್ಚು ಸಿಂಧನೂರಿನಿಂದ ಹೋದ ದುಡ್ಡೇ. ನಿಜವಾಗಿ ಉಳಿದದ್ದು 1,500.

ನಾನು ಹೇಳಬೇಕೆಂದಿರುವುದು ಇಷ್ಟೇ. ದುಬಾರಿ ನಗರದಲ್ಲಿ ನರ್ಸನ್ನು ಇಟ್ಟುಕೊಳ್ಳುವುದಕ್ಕೆ ತಗಲುವ ಖರ್ಚಿನ ಒಂದು ಪಾಲನ್ನು ಆಸ್ಪತ್ರೆ ಕೊಡುತ್ತಿಲ್ಲ, ರೋಗಿಯೂ ಕೊಡುತ್ತಿಲ್ಲ. ಅದನ್ನು ರಾಯಚೂರು, ಕೊಪ್ಪಳ, ಬಳ್ಳಾರಿಯ ರೈತ ಮನೆಗಳು ಕೊಡುತ್ತಿವೆ. ಸರ್ಕಾರದ 'ಶಕ್ತಿ' ಯೋಜನೆಯೂ ಒಂದು ಪಾಲು ಕೊಡುತ್ತಿದೆ. 2023ರ ಜೂನ್ 11ರಿಂದ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲದ್ದರಿಂದಲೇ ಈ ಹುಡುಗಿ ಹಬ್ಬಕ್ಕೆ ಊರಿಗೆ ಬರುತ್ತಿದ್ದಾಳೆ. ಸ್ಲೀಪರ್ ಬಸ್ಸಿಗೆ ದುಡ್ಡು ಕೊಡಬೇಕೆಂದಿದ್ದರೆ ಅವಳು ವರ್ಷಕ್ಕೆರಡು ಸಲ ಬರುವುದೂ ಅನುಮಾನವಿತ್ತು.

ನಗರ ದುಬಾರಿ ಎನ್ನುವುದು ಯಾರೂ ಕಾಣದ ಸತ್ಯವಲ್ಲ. ಸರ್ಕಾರ ಅದನ್ನು ಕಾಗದದ ಮೇಲೆ ಒಪ್ಪಿಕೊಂಡಿದೆ, ಬೆಲೆಯನ್ನೂ ಕಟ್ಟಿದೆ. ಕೇಂದ್ರ ಸರ್ಕಾರದ ಆಸ್ಪತ್ರೆಗಳಲ್ಲಿ, ಏಮ್ಸ್‌ಗಳಲ್ಲಿ ನರ್ಸಿಂಗ್ ಆಫೀಸರ್ ಹುದ್ದೆ ಏಳನೇ ವೇತನ ಆಯೋಗದ 7ನೇ ಹಂತದ್ದು. ಆರಂಭದ ಮೂಲ ವೇತನ 44,900. ಮನೆ ಬಾಡಿಗೆ ಭತ್ಯೆಗೆ ಊರುಗಳನ್ನು ಮೂರು ದರ್ಜೆ ಮಾಡಿದ್ದಾರೆ. ಬೆಂಗಳೂರು ಮೊದಲ ದರ್ಜೆ, ಮೈಸೂರು, ಕಲಬುರಗಿಯಂಥವು ಎರಡನೆಯದು, ಬಳ್ಳಾರಿ, ರಾಯಚೂರು, ಕೊಪ್ಪಳ ಮೂರನೆಯದು. ತುಟ್ಟಿಭತ್ಯೆ ಶೇ 50 ಮುಟ್ಟಿದ ಮೇಲೆ, ಅಂದರೆ 2024ರ ಜನವರಿಯಿಂದ, ಈ ದರ್ಜೆಗಳ ಬಾಡಿಗೆ ಭತ್ಯೆ ಮೂಲ ವೇತನದ ಶೇ 30, 20, 10. ಅದೇ ನರ್ಸು, ಅದೇ ಕೆಲಸ. ಬಳ್ಳಾರಿಯಲ್ಲಿದ್ದರೆ 4,490, ಬೆಂಗಳೂರಿನಲ್ಲಿದ್ದರೆ 13,470. ನಡುವಿನ 8,980 ರೂಪಾಯಿಯೇ ಸರ್ಕಾರ ಕಟ್ಟಿದ 'ಬೆಂಗಳೂರಿನ ಬೆಲೆ'. ಬಾಡಿಗೆಗೆಂದೇ ಸಿಗುವ ಆ 13,470, ನಮ್ಮ ಹುಡುಗಿ ತಿಂಗಳಿಡೀ ದುಡಿದು ಮನೆಗೆ ತರುವ ಪಗಾರದ ಮೂರರಲ್ಲಿ ಎರಡು ಪಾಲಿನ ಹತ್ತಿರ ಬರುತ್ತದೆ.

ನಮ್ಮ ರಾಜ್ಯದ್ದೂ ಇದೇ ದಾರಿ. ಕೆ. ಸುಧಾಕರ್ ರಾವ್ ಅಧ್ಯಕ್ಷತೆಯ ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದಾಗ ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ಬಾಡಿಗೆ ಭತ್ಯೆ ಊರಿನ ಜನಸಂಖ್ಯೆ ನೋಡಿ ಶೇ 20, 15, 7.5. ಆ 27,000 ನರ್ಸಿನ ವೇತನವಲ್ಲ, ಸರ್ಕಾರಿ ಸೇವೆಯ ಕಟ್ಟಕಡೆಯ ಮೆಟ್ಟಿಲಿನದು. ಅದನ್ನು ಯಾರ ಮೇಲಿನ ಹೊಟ್ಟೆಕಿಚ್ಚಿಗೂ ಹೇಳುತ್ತಿಲ್ಲ. ತನ್ನ ಕಟ್ಟಕಡೆಯ ನೌಕರನಿಗೂ ಕನಿಷ್ಠ ಇಷ್ಟು ಕೊಡಬೇಕು ಎಂದು ಸರ್ಕಾರವೇ ಒಪ್ಪಿದ ಮೊತ್ತ ಅದು. ಬೆಂಗಳೂರಿನಲ್ಲಿ ವೆಂಟಿಲೇಟರ್ ನೋಡಿಕೊಳ್ಳುವ ನರ್ಸಿನ ಒಟ್ಟು ಪಗಾರ ಅದಕ್ಕಿಂತ ನಾಲ್ಕೂವರೆ ಸಾವಿರ ಕಡಿಮೆ.

ಹೊರದೇಶದ ಮಾತನ್ನೂ ಒಂದು ಸಾಲಿನಲ್ಲಿ ಹೇಳುತ್ತೇನೆ, ನಮ್ಮ ಹುಡುಗಿಯರ ಕಣ್ಣು ಅಲ್ಲಿಯೇ ಇರುವುದರಿಂದ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ನರ್ಸುಗಳ ವೇತನ ದೇಶಕ್ಕೆಲ್ಲ ಒಂದೇ ಪಟ್ಟಿ, ಆದರೆ ಲಂಡನ್ನಿನ ಒಳಭಾಗದಲ್ಲಿ ಕೆಲಸ ಮಾಡುವವರಿಗೆ ಮೂಲ ವೇತನದ ಶೇ 20, ಹೊರಭಾಗದಲ್ಲಿ ಶೇ 15, ಅಂಚಿನಲ್ಲಿ ಶೇ 5 ಹೆಚ್ಚುವರಿ ಭತ್ಯೆ ಇದೆ, ಅದಕ್ಕೆ ಕನಿಷ್ಠ ಮತ್ತು ಗರಿಷ್ಠ ಮಿತಿಗಳೂ ಇವೆ. ಅಲ್ಲಿಯ ನರ್ಸುಗಳು ಅದೂ ಸಾಲದು ಎನ್ನುತ್ತಾರೆ, ಅದು ನಿಜವೂ ಇರಬಹುದು. ಆದರೆ ಬಾಡಿಗೆ ಏರಿದರೆ ಅದು ನೌಕರಿಯ ಲೆಕ್ಕದೊಳಗೇ ಚರ್ಚೆಯಾಗಬೇಕು ಎಂಬ ತತ್ವವನ್ನು ಅಲ್ಲಿ ಒಪ್ಪಿದ್ದಾರೆ.

ಖಾಸಗಿ ಆಸ್ಪತ್ರೆಯ ಚೀಟಿಯಲ್ಲೂ ಎಚ್‌ಆರ್‌ಎ ಎಂಬ ಸಾಲು ಇದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಅದು ಒಟ್ಟು ಮೊತ್ತವನ್ನು ಮೊದಲು ನಿಗದಿ ಮಾಡಿ, ಆಮೇಲೆ ತುಂಡು ಮಾಡಿ ಬರೆದದ್ದು. ಬಾಡಿಗೆ ಏರಿದರೆ ಆ ಸಾಲು ಏರುವುದಿಲ್ಲ. ಸರ್ಕಾರಿ ಚೀಟಿಯಲ್ಲಿ ಎಚ್‌ಆರ್‌ಎ ಎಂದರೆ ಮೂಲ ವೇತನದ ಮೇಲೆ ಬರುವ ದುಡ್ಡು, ಇಲ್ಲಿ ಅದು ಇರುವ ದುಡ್ಡಿಗೇ ಇಟ್ಟ ಇನ್ನೊಂದು ಹೆಸರು.

ಹಾಗಾದರೆ ಖಾಸಗಿ ನರ್ಸುಗಳ ಪಗಾರದ ಬಗ್ಗೆ ಈ ದೇಶದಲ್ಲಿ ಯಾರೂ ಏನೂ ಹೇಳಿಲ್ಲವೇ? ಹೇಳಿದ್ದಾರೆ, ಅದೂ ಸುಪ್ರೀಂ ಕೋರ್ಟಿನ ಮಟ್ಟದಲ್ಲಿ. ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಆಫ್ ಇಂಡಿಯಾ ಹಾಕಿದ್ದ ಅರ್ಜಿಯ ಮೇಲೆ 2016ರ ಜನವರಿ 29ರಂದು ನ್ಯಾಯಾಲಯ, ಒಂದು ಸಮಿತಿ ಮಾಡಿ ಖಾಸಗಿ ನರ್ಸುಗಳ ವೇತನ ಮತ್ತು ಕೆಲಸದ ಸ್ಥಿತಿಯನ್ನು ನೋಡಿ ಎಂದು ಕೇಂದ್ರಕ್ಕೆ ಹೇಳಿತು. ಡಾ. ಜಗದೀಶ್ ಪ್ರಸಾದ್ ಅವರ ಸಮಿತಿ ಅದೇ ವರ್ಷ ಕೊಟ್ಟ ಶಿಫಾರಸು ಸರಳವಾಗಿದೆ. 200 ಹಾಸಿಗೆಗಿಂತ ದೊಡ್ಡ ಆಸ್ಪತ್ರೆಯಾದರೆ ರಾಜ್ಯ ಸರ್ಕಾರದ ನರ್ಸಿನ ವೇತನಕ್ಕೆ ಸಮ. 100ರ ಮೇಲಿದ್ದರೆ ಅದಕ್ಕಿಂತ ಶೇ 10ಕ್ಕಿಂತ ಹೆಚ್ಚು ಕಡಿಮೆ ಇರಬಾರದು. 50ರಿಂದ 100 ಆದರೆ ಶೇ 25ಕ್ಕಿಂತ ಹೆಚ್ಚು ಕಡಿಮೆ ಬೇಡ. 50ಕ್ಕಿಂತ ಸಣ್ಣದಾದರೂ 20,000ಕ್ಕಿಂತ ಕೆಳಗಿಳಿಯಬಾರದು. ರಜೆ, ಕೆಲಸದ ಅವಧಿ, ವಸತಿ, ಸಾರಿಗೆ, ವೈದ್ಯಕೀಯ ಸೌಲಭ್ಯಗಳೂ ಸರ್ಕಾರಿ ನರ್ಸುಗಳಿಗೆ ಸಮನಾಗಿರಬೇಕು ಎಂದಿತು. ಇದನ್ನು ರಾಜ್ಯಗಳಿಗೆ ಕಳಿಸಲಾಯಿತು. ಆರೋಗ್ಯ ರಾಜ್ಯದ ವಿಷಯ, ಕಾನೂನು ಮಾಡಬೇಕಾದದ್ದು ರಾಜ್ಯ.

ಈ ಶಿಫಾರಸಿನಲ್ಲಿ ಎರಡು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿದವು. ಒಂದು, ದೊಡ್ಡ ಆಸ್ಪತ್ರೆಗಳ ವೇತನವನ್ನು ಸರ್ಕಾರಿ ವೇತನಕ್ಕೆ ಗಂಟು ಹಾಕಿದ್ದು. ಸರ್ಕಾರಿ ವೇತನದಲ್ಲಿ ಊರಿನ ಬೆಲೆಯೂ ತುಟ್ಟಿಭತ್ಯೆಯೂ ಆಗಲೇ ಸೇರಿರುವುದರಿಂದ, ಅದಕ್ಕೆ ಗಂಟು ಹಾಕಿದರೆ ನಗರದ ಬಾಡಿಗೆ ತಾನಾಗಿ ಲೆಕ್ಕಕ್ಕೆ ಬರುತ್ತದೆ. 2024ರ ಆಗಸ್ಟಿನಲ್ಲಿ ಸರ್ಕಾರಿ ವೇತನ ಏರಿದಾಗ ಇದೂ ಏರುತ್ತಿತ್ತು. ಎರಡನೆಯದು ಇದರ ಕೊರತೆ. 50 ಹಾಸಿಗೆಗಿಂತ ಸಣ್ಣ ಆಸ್ಪತ್ರೆಗೆ ಹೇಳಿದ 20,000 ಎಲ್ಲಿಗೂ ಗಂಟು ಬಿದ್ದಿಲ್ಲ. ಕುಷ್ಟಗಿಯ ನರ್ಸಿಂಗ್ ಹೋಮಿಗೂ ಅಷ್ಟೇ, ಬೆಂಗಳೂರಿನ ಜಯನಗರದ ಕ್ಲಿನಿಕ್ಕಿಗೂ ಅಷ್ಟೇ. ಹಾಸಿಗೆ ಎಣಿಸಿದ್ದಾರೆ, ಊರು ನೋಡಿಲ್ಲ. ಅದಕ್ಕಿಂತ ಮುಖ್ಯವಾಗಿ ಅದು 2016ರ 20,000. ವರ್ಷಕ್ಕೆ ಶೇ 5ರ ಬೆಲೆಯೇರಿಕೆ ಹಿಡಿದರೂ ಒಂಬತ್ತು ವರ್ಷಕ್ಕೆ ಅದು 31,000 ಆಗಬೇಕು. ನಮ್ಮ ಹುಡುಗಿಯ ಆಸ್ಪತ್ರೆ 200 ಹಾಸಿಗೆ ದಾಟಿದ್ದು. ಸಣ್ಣ ಆಸ್ಪತ್ರೆಗೆ 2016ರಲ್ಲಿ ಹೇಳಿದ ನೆಲಗಟ್ಟಿನ ಮೇಲೇ ಅವಳು ಇವತ್ತೂ ನಿಂತಿದ್ದಾಳೆ.

ಕೇರಳ ಇದನ್ನು ಹಿಡಿದು ಮುಂದೆ ಹೋಯಿತು. 2017 ಮತ್ತು 18ರಲ್ಲಿ ಅಲ್ಲಿಯ ಖಾಸಗಿ ನರ್ಸುಗಳು ಯುನೈಟೆಡ್ ನರ್ಸಸ್ ಅಸೋಸಿಯೇಷನ್ ಹೆಸರಿನಲ್ಲಿ ಬೀದಿಗಿಳಿದರು. 2018ರ ಏಪ್ರಿಲ್‌ನಲ್ಲಿ ಸರ್ಕಾರ ಕನಿಷ್ಠ 20,000 ಎಂದು ಅಧಿಸೂಚನೆ ಹೊರಡಿಸಿತು. ಆಸ್ಪತ್ರೆ ಮಾಲೀಕರು ವಿರೋಧಿಸಿದರು. ಆದರೂ ಅಲ್ಲಿ ಒಂದು ಅಂಕಿ ಕಾನೂನಿನಲ್ಲಿ ಕೂತಿತು, ಅದನ್ನು ತೋರಿಸಿ ಜಗಳವಾಡಲು ಸಾಧ್ಯವಾಯಿತು. ನಮ್ಮಲ್ಲಿ ಅಂಥ ಬಲ ಕೂಡಿಬಂದಿಲ್ಲ. ಬೆಂಗಳೂರಿನ ಒಂದು ವಾರ್ಡಿನಲ್ಲಿ ಕೇರಳದವರು, ಮಣಿಪುರದವರು, ಬಂಗಾಳದವರು, ನಮ್ಮ ಕಡೆಯವರು ಕೂಡಿ ಕೆಲಸ ಮಾಡುತ್ತಾರೆ. ಎರಡು ವರ್ಷ ಮುಗಿಸಿ ಹೊರಡುವುದು ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ಹೊರಡುವವರು ಸಂಘ ಕಟ್ಟುವುದು ಕಷ್ಟ.

ಪಗಾರ ಏರದಿರಲು ಇದೇ ದೊಡ್ಡ ಕಾರಣ ಎಂದು ನನ್ನ ತಿಳಿವಳಿಕೆ. ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕ ಒಂದು. ಪ್ರತಿ ವರ್ಷ ಹೊಸ ತಂಡ ಹೊರಬೀಳುತ್ತದೆ. ಗಲ್ಫಿಗೋ ಜರ್ಮನಿಗೋ ಹೋಗಬೇಕಾದರೆ, ದೊಡ್ಡ ಆಸ್ಪತ್ರೆ ಸೇರಬೇಕಾದರೆ, ಮೊದಲು ಕೇಳುವುದು ಎರಡು ವರ್ಷದ ಅನುಭವ ಪತ್ರ. ಆ ಪತ್ರವೇ ಪಗಾರದ ಒಂದು ಭಾಗವಾಗಿಬಿಟ್ಟಿದೆ. "ಇಲ್ಲಿ ಕಲಿಯಾಕ ಸಿಗ್ತದ, ರೊಕ್ಕ ಆಮ್ಯಾಲೆ" ಎಂದು ಹುಡುಗಿಯರು ಪರಸ್ಪರ ಸಮಾಧಾನ ಹೇಳಿಕೊಳ್ಳುತ್ತಾರೆ. ಇವಳ ಗೆಳತಿಯೊಬ್ಬಳ ಮೂಲ ಅಂಕಪಟ್ಟಿಗಳು ಮೊದಲ ಆಸ್ಪತ್ರೆಯ ಕಪಾಟಿನಲ್ಲಿ ಹನ್ನೊಂದು ತಿಂಗಳು ಇದ್ದವು. ಕೆಲಸ ಬಿಡುತ್ತೇನೆ ಎಂದಾಗ ಒಂದು ತಿಂಗಳ ಪಗಾರ ಕಟ್ಟಿ ಬಿಡಿಸಿಕೊಂಡಳು. ಓದಿದ ಕಾಗದವನ್ನು ಒತ್ತೆ ಇಟ್ಟುಕೊಂಡವರ ಹತ್ತಿರ ಪಗಾರ ಏರಿಸಿ ಎಂದು ಕೇಳುವುದು ಯಾರಿಗೆ ಸಾಧ್ಯ?

ಐದಾರು ವರ್ಷ ತಾಳಿಕೊಂಡವರಿಗೆ ಸ್ವಲ್ಪ ಏರುತ್ತದೆ, ದೊಡ್ಡ ಸಮೂಹದ ಆಸ್ಪತ್ರೆಗಳಲ್ಲಿ ಮೂವತ್ತು ಸಾವಿರ ದಾಟಿದವರೂ ಇದ್ದಾರೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಮನೆಯ ಮುಂಗಡ, ಓದಿನ ಸಾಲದ ಕಂತು, ಹೊಸ ಊರಿನ ಅಂಜಿಕೆ ಇವೆಲ್ಲ ಬಂದು ಬೀಳುವುದು ಮೊದಲ ಮೂರ್ನಾಲ್ಕು ವರ್ಷದಲ್ಲೇ.

ಕನಿಷ್ಠ ವೇತನದ ಕಾನೂನು ಬಾಡಿಗೆಯನ್ನು ಹೇಗೆ ನೋಡುತ್ತದೆ ಎಂಬುದನ್ನೂ ಹೇಳಬೇಕು, ತೊಡಕು ಅಲ್ಲಿಯೂ ಇದೆ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ವೇತನಕ್ಕೆ ಒಂದು ಸೂತ್ರ ಕೊಟ್ಟಿತು: ಒಂದು ಕುಟುಂಬವೆಂದರೆ ಮೂರು ಬಳಕೆ ಘಟಕ (ಮೂವರು ದೊಡ್ಡವರ ಊಟದ ಲೆಕ್ಕ), ಇಷ್ಟು ಊಟ, ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಅದಲ್ಲದೆ ಇಂಧನ ಇತ್ಯಾದಿಗೆ ಶೇ 20. 1991ರಲ್ಲಿ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧೋಪಚಾರ, ಮುಪ್ಪು, ಮದುವೆಗಳಿಗೆಂದು ಶೇ 25 ಸೇರಿಸಿತು. ಬಾಡಿಗೆ ಮಾತ್ರ ಹಿಂದುಳಿಯಿತು. ವೇತನ ಸಂಹಿತೆಗೆ ಕೇಂದ್ರ 2020ರಲ್ಲಿ ಹೊರಡಿಸಿದ ಕರಡು ನಿಯಮಗಳಲ್ಲಿ ಬಾಡಿಗೆ ಎಂದರೆ ಊಟ ಬಟ್ಟೆಯ ಖರ್ಚಿನ ಶೇ 10. ಊಟ ಬಟ್ಟೆಗೆ 12,000 ಖರ್ಚು ಮಾಡುವ ಕುಟುಂಬಕ್ಕೆ ಬಾಡಿಗೆ 1,200. ಸಿಂಧನೂರಿನ ಹೊರವಲಯದಲ್ಲೂ ಆ ದುಡ್ಡಿಗೆ ಮನೆ ಸಿಗುವುದಿಲ್ಲ, ಬೆಂಗಳೂರಿನಲ್ಲಿ ಒಂದು ಮಂಚದ ಜಾಗವೂ ಸಿಗುವುದಿಲ್ಲ. ರಾಜ್ಯದ ಕನಿಷ್ಠ ವೇತನ ಅಧಿಸೂಚನೆಗಳಲ್ಲಿ ಊರುಗಳನ್ನು ವಲಯ ಮಾಡಿ ಬೇರೆ ಬೇರೆ ದರ ಇಟ್ಟಿರುವುದು ಒಳ್ಳೆಯದೇ. ಆದರೆ ವಲಯ ವಲಯದ ನಡುವಿನ ಅಂತರ ಬಾಡಿಗೆಯ ಅಂತರದ ಹತ್ತಿರಕ್ಕೂ ಬರುವುದಿಲ್ಲ.

ನಮ್ಮ ಜನ ಇಲ್ಲಿ ಒಂದು ಮಾತು ಕೇಳುತ್ತಾರೆ: ಅಷ್ಟು ಕಷ್ಟಪಡುವುದಕ್ಕಿಂತ ಇಲ್ಲೇ ಇರಬಾರದಾ? ಲೆಕ್ಕ ಹಾಕಿ ನೋಡಿದೆ. ಇವಳ ಜೊತೆ ಓದಿದವಳೊಬ್ಬಳು ರಾಯಚೂರಿನ ಒಂದು ನರ್ಸಿಂಗ್ ಹೋಮಿನಲ್ಲಿದ್ದಾಳೆ. ಪಗಾರ 12,000, ಪಿಎಫ್ ಇಲ್ಲ, ತವರು ಮನೆಯಲ್ಲೇ ವಾಸ. ಅವಳಿಗೂ ಅಷ್ಟೇ ಸಾಲದ ಕಂತು, 3,200. ಕೈಖರ್ಚು 2,000. ಉಳಿಯುವುದು 6,800. ಬೆಂಗಳೂರಿನವಳಿಗೆ 1,500ರ ಮೇಲೆ ಪಿಎಫಿನ 1,800, ಆಸ್ಪತ್ರೆಯ ಪಾಲು ಇನ್ನೊಂದು 1,800 ಸೇರಿಸಿದರೂ 5,100. ರಾಯಚೂರಿನವಳೂ ತಂದೆ ತಾಯಿಯ ಸೂರು, ಊಟದ ಬಲದಿಂದಲೇ ಉಳಿಸುತ್ತಿದ್ದಾಳೆ ಎನ್ನುವುದು ಬೇರೆ ಮಾತು. 12,000ಕ್ಕೆ ರಾಯಚೂರಿನಲ್ಲಿ ಒಂಟಿಯಾಗಿ ಬಾಡಿಗೆ ಕಟ್ಟಿ ಬದುಕುವುದೂ ಆಗದು. ಎರಡೂ ಕಡೆ ಮನೆಯವರೇ ಆಸ್ಪತ್ರೆಗೆ ಸಹಾಯಧನ ಕೊಡುತ್ತಿದ್ದಾರೆ. ಬೆಂಗಳೂರಿಗೆ ಹೋಗುವುದು ದುಡ್ಡಿಗಲ್ಲ, ಐಸಿಯು ಕಲಿಕೆಗೆ ಮತ್ತು ಆ ಅನುಭವ ಪತ್ರಕ್ಕೆ.

ಇಲ್ಲೇ ಸರ್ಕಾರಿ ಹುದ್ದೆ ಸಿಕ್ಕರೆ ಎಲ್ಲ ಪ್ರಶ್ನೆಯೂ ತೀರಿತು. ಬಳ್ಳಾರಿಯ ಹಳೆಯ ವಿಮ್ಸ್, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು, ಮೂರರ ವಾರ್ಡುಗಳೂ ತುಂಬಿರುತ್ತವೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದು ಹತ್ತು ವರ್ಷಕ್ಕೂ ಮೇಲಾಯಿತು, ಸಿ ಗುಂಪಿನ ಹುದ್ದೆಗಳಲ್ಲಿ ಶೇ 80 ನಮ್ಮವರಿಗೆ ಮೀಸಲು. ಮೀಸಲು ಇದ್ದರೇನು, ನೇಮಕಾತಿ ಕರೆದರಲ್ಲವೇ ಸಿಗುವುದು. ಖಾಯಂ ನೇಮಕಾತಿ ವರ್ಷಗಟ್ಟಲೆ ಕಾಯಿಸುತ್ತದೆ, ಆ ಜಾಗದಲ್ಲಿ ಗುತ್ತಿಗೆ, ಹೊರಗುತ್ತಿಗೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಖಾಯಂ ಮಾಡಿ ಎಂದು 2023ರ ಆರಂಭದಲ್ಲಿ ವಾರಗಟ್ಟಲೆ ಮುಷ್ಕರ ಕೂತಿದ್ದನ್ನು ಯಾರೂ ಮರೆತಿಲ್ಲ.

ರಾಯಚೂರಿಗೆ ಏಮ್ಸ್ ಬೇಕು ಎಂದು 2022ರ ಮೇ 13ರಿಂದ ಸಾವಿರ ದಿನ ದಾಟಿ ನಡೆದ ಧರಣಿಯನ್ನು ಈ ಕಣ್ಣಿನಿಂದಲೂ ನೋಡಬೇಕು. ಏಮ್ಸ್ ಎಂದ ಕೂಡಲೇ ಜನ ದೊಡ್ಡ ಡಾಕ್ಟರುಗಳನ್ನು ನೆನೆಯುತ್ತಾರೆ. ನನಗೆ ಕಾಣುವುದು 44,900 ಮೂಲ ವೇತನದ ನರ್ಸಿಂಗ್ ಹುದ್ದೆಗಳು, ಮೂರನೇ ದರ್ಜೆಯ ಊರಿನ ಬಾಡಿಗೆಯಲ್ಲಿ. ಅವು ಅಖಿಲ ಭಾರತ ಮಟ್ಟದ ನಾರ್ಸೆಟ್ ಪರೀಕ್ಷೆಯ ಮೂಲಕ ತುಂಬುವ ಹುದ್ದೆಗಳು, 371(ಜೆ) ಅಲ್ಲಿ ನಡೆಯುವುದಿಲ್ಲ, ನಮ್ಮ ಹುಡುಗಿಯರು ಸ್ಪರ್ಧಿಸಿಯೇ ಗೆಲ್ಲಬೇಕು. ಆದರೂ ಊರ ಹತ್ತಿರ ಅಂಥ ಪಗಾರದ ಆಸ್ಪತ್ರೆ ಒಂದಿದ್ದರೆ ಸುತ್ತಲಿನ ನರ್ಸಿಂಗ್ ಹೋಮುಗಳೂ 12,000ಕ್ಕೆ ಜನ ಸಿಗದೆ ಏರಿಸಲೇಬೇಕಾಗುತ್ತದೆ.

ಕಡಿಮೆ ಪಗಾರದ ಪೆಟ್ಟು ನರ್ಸಿನ ಮನೆಗೆ ಮಾತ್ರ ಬೀಳುವುದಿಲ್ಲ. ನರ್ಸಿಂಗ್ ಕೌನ್ಸಿಲಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ವಾರ್ಡಿನಲ್ಲಿ ಮೂರು ರೋಗಿಗೆ, ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗೆ ಒಬ್ಬ ನರ್ಸು ಇರಬೇಕು. ಐಸಿಯುನಲ್ಲಿ ಒಬ್ಬರಿಗೆ ಒಬ್ಬರು. ಇವಳು ರಾತ್ರಿ ಮೂರು ಹಾಸಿಗೆ ನೋಡುತ್ತಾಳೆ. ತಿಂಗಳ ಕೊನೆಗೆ ಕೈ ಬಿಗಿಯಾದರೆ ಡಬಲ್ ಡ್ಯೂಟಿ ಒಪ್ಪಿಕೊಳ್ಳುತ್ತಾಳೆ, ಹದಿನಾರು ಗಂಟೆ. ಅವಳು ಹೇಳಿದ ಒಂದು ರಾತ್ರಿಯ ಕತೆ ನನ್ನಲ್ಲಿ ಉಳಿದಿದೆ. ಮಸ್ಕಿ ಕಡೆಯ ಅಜ್ಜ ಒಬ್ಬ, ಹೃದಯದ ತೊಂದರೆಗೆ ಬೆಂಗಳೂರಿಗೆ ಬಂದವ. ಹೆಸರಿನ ಮುಂದೆ ಊರು ನೋಡಿ ಇವಳು "ಯಾಕ್ರೀ ಅಜ್ಜಾ, ಎದಿ ಬ್ಯಾನಿ ಅದೇನು?" ಎಂದಳಂತೆ. ಎರಡು ದಿನದಿಂದ ಯಾರ ಮಾತಿಗೂ ಬಾಯಿ ಬಿಡದವ ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟನಂತೆ. ಆಮೇಲೆ ಎಡಗೈ ಸೆಳೆತ ಎಂದೂ ಹೇಳಿದ. ಅದನ್ನು ಅವಳು ಕೂಡಲೇ ಡಾಕ್ಟರಿಗೆ ತಿಳಿಸಿದಳು. ಆ ಹೊತ್ತಿಗೆ ಅವಳ ಡಬಲ್ ಡ್ಯೂಟಿಯ ಹದಿನಾಲ್ಕನೇ ಗಂಟೆ. ನಮ್ಮೂರಿನ ರೋಗಿಗಳು ದೊಡ್ಡ ಕಾಯಿಲೆಗೆ ಹೋಗುವುದು ಆ ನಗರಕ್ಕೇ. ಅವರ ತಲೆದೆಸೆಯಲ್ಲಿ ನಿಲ್ಲುವ ಹುಡುಗಿ ನಿದ್ದೆ ಮಾಡಿರಬೇಕು, ಹೊಟ್ಟೆ ತುಂಬ ಉಂಡಿರಬೇಕು.

ಸಣ್ಣ ಆಸ್ಪತ್ರೆಯವರ ಮಾತನ್ನೂ ಕೇಳಿದ್ದೇನೆ. ನಮ್ಮ ತಾಲ್ಲೂಕಿನ 30 ಹಾಸಿಗೆಯ ನರ್ಸಿಂಗ್ ಹೋಮಿನ ಡಾಕ್ಟರೊಬ್ಬರು, "ಸರ್, ನನ್ನ ರೋಗಿ ಕೂಲಿಯವನು. ಅವನ ಹತ್ತಿರ ಎಷ್ಟು ಕೇಳಲಿ?" ಎಂದರು. ಅವರ ಸಂಕಟ ಸುಳ್ಳಲ್ಲ. ಆದರೆ ಹಾಸಿಗೆ ನೋಡಿ ಮೆಟ್ಟಿಲು ಮಾಡಿದ್ದು ಅವರಿಗಾಗಿಯೇ. ಅವರ ಸಂಕಟವನ್ನು ಮುಂದಿಟ್ಟು ಬೆಂಗಳೂರಿನ ಮುನ್ನೂರು ಹಾಸಿಗೆಯ ಆಸ್ಪತ್ರೆ ತಪ್ಪಿಸಿಕೊಳ್ಳುವುದು ಸರಿಯಲ್ಲ. ಅಲ್ಲಿ ಐಸಿಯು ಹಾಸಿಗೆಯ ಬಿಲ್ಲಿನಲ್ಲಿ ನರ್ಸಿಂಗ್ ಶುಲ್ಕ ಎಂದೇ ದಿನಕ್ಕೆ ಒಂದು ಸಾಲು ಇರುತ್ತದೆ. ಮೂರು ಹಾಸಿಗೆಯ ಆ ಸಾಲುಗಳನ್ನು ಮೂವತ್ತು ದಿನಕ್ಕೆ ಕೂಡಿಸಿ, ಅವನ್ನು ನೋಡುವ ನರ್ಸುಗಳ ಪಗಾರದ ಪಕ್ಕ ಇಟ್ಟು ನೋಡಬೇಕು ಎಂದು ನನಗೆ ಬಹಳ ಆಸೆ.

ಮಾಡಬೇಕಾದದ್ದಕ್ಕೆ ಹೊಸ ಯಂತ್ರವೇನೂ ಬೇಡ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪ್ರತಿ ಆಸ್ಪತ್ರೆಯೂ ನೋಂದಣಿ ಮಾಡಿಸಲೇಬೇಕು, ಹಾಸಿಗೆ ಎಷ್ಟು ಎಂಬ ಲೆಕ್ಕ ಸರ್ಕಾರದ ಹತ್ತಿರ ಆಗಲೇ ಇದೆ. ಊರಿನ ದರ್ಜೆ ಬಾಡಿಗೆ ಭತ್ಯೆಯ ಆದೇಶದಲ್ಲಿದೆ. ಜಗದೀಶ್ ಪ್ರಸಾದ್ ಸಮಿತಿಯ ಮೆಟ್ಟಿಲಿಗೆ ಆ ದರ್ಜೆಯನ್ನು ಸೇರಿಸಿ, ನೋಂದಣಿ ನವೀಕರಣದ ಹೊತ್ತಿಗೆ ನರ್ಸುಗಳ ಬ್ಯಾಂಕ್ ಖಾತೆಗೆ ಹೋದ ಪಗಾರದ ಪಟ್ಟಿ ಕೇಳಿದರೆ ಆಯಿತು. ಆಸ್ಪತ್ರೆ ಪಗಾರ ಏರಿಸಲಾರದಿದ್ದರೆ ಮನುಷ್ಯರು ಮಲಗಬಹುದಾದ ವಸತಿ ಕೊಡಲಿ, ಕೋಣೆಗೆ ಇಬ್ಬರು, ರಾತ್ರಿ ಪಾಳಿಯವರಿಗೆ ಬೇರೆ. ಮೂಲ ಅಂಕಪಟ್ಟಿ ಇಟ್ಟುಕೊಂಡ ಆಸ್ಪತ್ರೆಯ ಮೇಲೆ ದೂರು ಬಂದ ವಾರದೊಳಗೆ ಕ್ರಮ ಆಗಬೇಕು, ಅದಕ್ಕೆ ದುಡ್ಡೂ ತಗಲುವುದಿಲ್ಲ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಶಾಸಕರು ಈ ವಿಷಯವನ್ನು ಬೆಂಗಳೂರಿನ ವಿಷಯವೆಂದು ಬಿಡಬಾರದು. ಹೋಗುತ್ತಿರುವುದು ಅವರ ಮತದಾರರ ಮನೆಯ ಅಕ್ಕಿ.

ಹುಡುಗಿ ಈಗ ನಾರ್ಸೆಟ್‌ಗೆ ಓದುತ್ತಿದ್ದಾಳೆ. ರಾತ್ರಿ ಡ್ಯೂಟಿ ಮುಗಿಸಿ ಬಂದು ನಾಲ್ಕು ಗಂಟೆ ಮಲಗಿ, ಮಧ್ಯಾಹ್ನ ಫೋನಿನಲ್ಲಿ ಪಾಠ ಕೇಳುತ್ತಾಳೆ. ತಂಗಿಯ ಡೈರಿಯ ಹೊಸ ಪುಟದಲ್ಲಿ ಮನೆಯ ಮಾಲೀಕ ಬರುವ ವರ್ಷ ಬಾಡಿಗೆ ಏರಿಸುತ್ತಾನಂತೆ ಎಂದು ಬರೆದಿದೆ. ಭಾವ ಆ ಪುಟ ನೋಡಿ ಏನೂ ಹೇಳಲಿಲ್ಲ. ತುಂಗಭದ್ರಾ ಎಡದಂಡೆ ನಾಲೆಗೆ ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಎಂದು ಯಾರಿಗೋ ಫೋನು ಹಚ್ಚಿದರು.